ಫೋನು ಕೊಂಡವನದು, ಕೀಲಿಕೈ ಕಂಪನಿಯದು!

ನಮ್ಮ ಪೇಟೆಬೀದಿಯ ಕಿರಾಣಿ ಅಂಗಡಿಯವರೊಬ್ಬರಿಗೆ ಅಮೇರಿಕಾದಿಂದ ಒಂದು ಉಡುಗೊರೆ ಬಂತು. ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅವರ ಸೋದರಳಿಯ ರಜೆಗೆ ಊರಿಗೆ ಬಂದವನು, ತಾನು ಎರಡು ವರ್ಷ ಬಳಸಿದ ಫೋನನ್ನು ಮಾವನ ಕೈಗಿಟ್ಟು ಹೋದ. ಒಳ್ಳೆಯ ಫೋನು, ಗೀರು ಸಹ ಬಿದ್ದಿಲ್ಲ. ಮಾವ ತಮ್ಮ ಹಳೆಯ ಫೋನಿನಿಂದ ಸಿಮ್ ತೆಗೆದು ಇದಕ್ಕೆ ಹಾಕಿದರು. ಈ ಸಿಮ್ ನಡೆಯುವುದಿಲ್ಲ ಎಂದು ಪರದೆಯ ಮೇಲೆ ಬಂತು. ಮತ್ತೊಂದು ಕಂಪನಿಯ ಸಿಮ್ ತಂದು ಹಾಕಿದರು. ಮತ್ತೆ ಅದೇ ಮಾತು. ರಿಪೇರಿ ಅಂಗಡಿಯ ಹುಡುಗ ತಿರುಗಿಸಿ ಮುರುಗಿಸಿ ನೋಡಿ, "ಫೋನಿಗೆ ಏನೂ ಆಗಿಲ್ಲ ಯಜಮಾನ್ರೇ. ಅಲ್ಲಿಯ ಕಂಪನಿಯವರು ಲಾಕ್ ಹಾಕಿದ್ದಾರೆ. ಅವರೇ ತೆಗೀಬೇಕು. ಅಲ್ಲೀವರೆಗೂ ಇದು ಗಡಿಯಾರ ನೋಡೋಕೆ ಮಾತ್ರ" ಎಂದ.

ಅಳಿಯ ಕಂಪನಿಗೆ ಬರೆದ. ಫೋನಿನ ಹಣ ಪೂರ್ತಿ ಕಟ್ಟಿಯಾಗಿತ್ತು, ಬಾಕಿ ಒಂದು ಕಾಸೂ ಇರಲಿಲ್ಲ. ಆದರೂ, ನಿಮ್ಮ ಖಾತೆ ಮುಚ್ಚಿದೆ, ಈಗ ಏನೂ ಮಾಡಲಾಗದು ಎಂಬ ಉತ್ತರ ಬಂತು. ಆ ಫೋನು ಈಗ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆಯ ಪಕ್ಕದಲ್ಲಿ ಮಲಗಿದೆ.

ಇದೇನು ಮಹಾ ಸಂಗತಿ, ಅಮೇರಿಕಾದಲ್ಲಿ ದುಡಿಯುವವರ ಮನೆಯ ಫೋನಿನ ಚಿಂತೆ ನಮಗೇಕೆ ಎಂದು ಗಿರಣಿಯ ಬಂಧುಗಳು ಕೇಳಬಹುದು. ಸ್ವಲ್ಪ ತಾಳಿ. ಕೊಂಡವನು ಹಣ ಕೊಟ್ಟ ಮೇಲೆ ಸರಕು ಯಾರದು? ಸಂತೆಯಲ್ಲಿ ಎತ್ತು ಕೊಂಡರೆ ಅದನ್ನು ಯಾರ ಹೊಲಕ್ಕೆ ಹೂಡಬೇಕೆಂದು ಮಾರಿದವನು ಹೇಳುತ್ತಾನೆಯೇ? ಸೈಕಲ್ ಮಾರಿದ ಅಂಗಡಿಯವನು ತನ್ನ ಬೀದಿಯಲ್ಲಿ ಮಾತ್ರ ತುಳಿಯಬೇಕೆಂದು ಚಕ್ರಕ್ಕೆ ಸರಪಳಿ ಬಿಗಿಯುತ್ತಾನೆಯೇ? ಹಾಗೆ ಮಾಡಿದರೆ ಸಂತೆಯ ಜನ ಅವನನ್ನು ಸುಮ್ಮನೆ ಬಿಟ್ಟಾರೆಯೇ? ಮೊಬೈಲ್ ಕಂಪನಿಗಳು ಇದನ್ನೇ ಮಾಡಿದುವು. ಬಿಟ್ಟಿದ್ದಷ್ಟೇ ಅಲ್ಲ, ಅದಕ್ಕೆ ಕಾಯಿದೆಯ ಕಾವಲನ್ನೂ ಹಾಕಿಸಿಕೊಂಡವು.

ಬೀಗ ಎಂದರೇನು?

ಮೊದಲು ಈ ಬೀಗ ಏನೆಂಬುದನ್ನು ತಿಳಿಯೋಣ. ತಿಳಿಯದ್ದಕ್ಕೆ ಹೆದರುವುದು ಸಹಜ, ಕಂಪನಿಗಳಿಗೆ ಬೇಕಾದದ್ದೂ ಅದೇ. ಪ್ರತಿ ಸಿಮ್ಮಿನೊಳಗೆ ಒಂದು ಉದ್ದ ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿ ದೇಶದ ಗುರುತು. ನಮ್ಮ ದೇಶಕ್ಕೆ 404 ಮತ್ತು 405. ಅದರ ಮುಂದಿನ ಎರಡು ಮೂರು ಅಂಕಿ ಕಂಪನಿಯ ಗುರುತು. ಬೀಗ ಹಾಕಿದ ಫೋನು ಸಿಮ್ ಹಾಕಿದ ಕೂಡಲೇ ಈ ಅಂಕಿಗಳನ್ನು ಓದಿ, ತನ್ನ ಧಣಿಯ ಗುರುತು ಹೌದೋ ಅಲ್ಲವೋ ನೋಡುತ್ತದೆ. ಹೌದಾದರೆ ಬಾಗಿಲು ತೆರೆಯುತ್ತದೆ, ಅಲ್ಲವಾದರೆ ಮುಚ್ಚುತ್ತದೆ. ಇಷ್ಟೇ. ಯಂತ್ರದಲ್ಲಿ ದೋಷವಿಲ್ಲ, ಅಲೆಗಳಲ್ಲಿ ದೋಷವಿಲ್ಲ. ಬೇರೆ ಕಂಪನಿಯ ಗೋಪುರದೊಡನೆ ಮಾತಾಡುವ ಶಕ್ತಿ ಆ ಫೋನಿಗಿದೆ. ಆ ಶಕ್ತಿಯನ್ನು ಬೇಕೆಂದೇ ಕಟ್ಟಿಹಾಕಲಾಗಿದೆ. ಒಂದು ಸಂಕೇತ ಸಂಖ್ಯೆ ಒತ್ತಿದರೆ, ಅಥವಾ ಕಂಪನಿಯವರು ತಮ್ಮ ಕಂಪ್ಯೂಟರಿನಿಂದ ಒಂದು ಅಪ್ಪಣೆ ಕಳಿಸಿದರೆ, ಕಟ್ಟು ಬಿಚ್ಚುತ್ತದೆ. ಅದಕ್ಕೆ ಅವರಿಗೆ ಆಗುವ ಖರ್ಚು ಹೆಚ್ಚುಕಡಿಮೆ ಸೊನ್ನೆ.

ಅಂದರೆ ಬೀಗ ಇರುವುದು ಫೋನಿಗಲ್ಲ, ಗಿರಾಕಿಗೆ. ದರ ಏರಿದರೂ ಅವನು ಕದಲಬಾರದು. ಸಿಗ್ನಲ್ ಸಿಗದಿದ್ದರೂ ಕದಲಬಾರದು. ಊರು ಬಿಟ್ಟು ಬೇರೆ ದೇಶಕ್ಕೆ ಹೋದರೂ ತಮ್ಮದೇ ದುಬಾರಿ ರೋಮಿಂಗ್ ದರ ತೆರಬೇಕೇ ಹೊರತು, ಅಲ್ಲಿಯ ಅಗ್ಗದ ಸಿಮ್ ಹಾಕಬಾರದು. ಕೈಗೆ ಕೊಟ್ಟ ಫೋನು ಕಾಲಿಗೆ ಹಾಕಿದ ಕೋಳವಾಗುವುದು ಹೀಗೆ.

ಕಾಯಿದೆ ಯಾರ ಕಾವಲಿಗೆ?

ಅಮೇರಿಕಾದ ಕಥೆಯನ್ನು ನೋಡಿ. ಸ್ವತಂತ್ರ ವ್ಯಾಪಾರದ ತವರೆಂದು ನಮ್ಮ ಉದ್ಯಮಪತಿಗಳು ದಿನಕ್ಕೆ ಮೂರು ಬಾರಿ ಸ್ತುತಿಸುವ ದೇಶ ಅದು. ಅಲ್ಲಿ 1998ರಲ್ಲಿ ಹಕ್ಕುಸ್ವಾಮ್ಯದ ಒಂದು ಹೊಸ ಕಾಯಿದೆ ಬಂತು. ಸಿನಿಮಾ, ಹಾಡು, ಪುಸ್ತಕಗಳನ್ನು ಕಳ್ಳ ಪ್ರತಿ ಮಾಡದಂತೆ ಹಾಕಿದ ಕಂಪ್ಯೂಟರ್ ಬೀಗವನ್ನು ಮುರಿಯುವುದು ಅಪರಾಧ ಎಂದಿತು ಆ ಕಾಯಿದೆ. ಮೊಬೈಲ್ ಕಂಪನಿಗಳು ಇದೇ ಕಾಯಿದೆಯ ಕೊಡೆಯ ಕೆಳಗೆ ನುಸುಳಿದುವು. ಫೋನಿನೊಳಗೆ ನಡೆಯುವ ಪ್ರೋಗ್ರಾಮ್ ಸಹ ಒಂದು ಕೃತಿ, ಅದಕ್ಕೂ ಹಕ್ಕುಸ್ವಾಮ್ಯವಿದೆ, ಆದ್ದರಿಂದ ಫೋನಿನ ಬೀಗ ತೆಗೆಯುವವನು ಪುಸ್ತಕ ಕದಿಯುವವನಿಗೆ ಸಮಾನ ಎಂದು ವಾದಿಸಿದುವು. ಲಾಭಕ್ಕಾಗಿ ಬೇಕೆಂದೇ ಈ ಬೀಗ ಮುರಿದವನಿಗೆ ಆ ಕಾಯಿದೆಯಂತೆ ಮೊದಲ ಅಪರಾಧಕ್ಕೇ 5 ಲಕ್ಷ ಡಾಲರ್ ತನಕ ದಂಡ, 5 ವರ್ಷದ ತನಕ ಸೆರೆ. ನಮ್ಮ ಬಸ್‌ಸ್ಟ್ಯಾಂಡಿನ ಬದಿಯಲ್ಲಿ ಸ್ಟೂಲಿನ ಮೇಲೆ ಕೂತು ಫೋನು ರಿಪೇರಿ ಮಾಡುವ ಹುಡುಗನನ್ನು ನೆನೆದುಕೊಳ್ಳಿ. ಅಲ್ಲಿ ಅಂಥವನ ತಲೆಯ ಮೇಲೆ ತೂಗಿದ್ದು ಈ ಕತ್ತಿ.

ಈ ಕಾಯಿದೆಗೆ ವಿನಾಯಿತಿ ಕೊಡುವ ಅಧಿಕಾರವನ್ನು ಅಲ್ಲಿಯ ಸಂಸತ್ತಿನ ಗ್ರಂಥಾಲಯದ ಮುಖ್ಯಸ್ಥರ ಕೈಗೆ ಕೊಟ್ಟಿದ್ದಾರೆ! ಮೂರು ಮೂರು ವರ್ಷಕ್ಕೊಮ್ಮೆ ಅವರು ಯಾವ ಬೀಗ ತೆಗೆಯಬಹುದು, ಯಾವುದು ಬಾರದು ಎಂದು ತೀರ್ಮಾನಿಸುತ್ತಾರೆ. 2006ರಲ್ಲಿ ಫೋನಿನ ಬೀಗ ತೆಗೆಯಬಹುದೆಂದರು. 2010ರಲ್ಲೂ ಹೌದೆಂದರು. 2012ರ ಅಕ್ಟೋಬರಿನಲ್ಲಿ ಮಾತು ಬದಲಿಸಿದರು. 2013ರ ಜನವರಿ 26ರ ನಂತರ ಕೊಂಡ ಫೋನಿಗೆ ಈ ವಿನಾಯಿತಿ ಇಲ್ಲ, ಕಂಪನಿಯ ಅನುಮತಿ ಇಲ್ಲದೆ ಬೀಗ ತೆಗೆಯಬಾರದು ಎಂದು ಅಪ್ಪಣೆ ಮಾಡಿದರು. ನಮ್ಮ ದೇಶ ಗಣರಾಜ್ಯೋತ್ಸವ ಆಚರಿಸುತ್ತಿದ್ದ ದಿನವೇ, ಅಮೇರಿಕಾದ ಪ್ರಜೆ ತನ್ನ ಜೇಬಿನಲ್ಲಿದ್ದ ಫೋನಿನ ಮೇಲಿನ ಹಕ್ಕನ್ನು ಕಳೆದುಕೊಂಡ. ಕರಾರು ಮುಗಿದಿದ್ದರೂ ಅಷ್ಟೇ, ಹಣ ಪೂರ್ತಿ ಕಟ್ಟಿದ್ದರೂ ಅಷ್ಟೇ.

ಆದರೆ ಜನ ಸುಮ್ಮನೆ ಕೂಡಲಿಲ್ಲ. ರಾಷ್ಟ್ರಾಧ್ಯಕ್ಷರ ಕಚೇರಿಗೆ ಮನವಿ ಹೋಯಿತು. ಒಂದು ಲಕ್ಷ ಸಹಿ ಬಿದ್ದರೆ ಸರಕಾರ ಉತ್ತರ ಕೊಡಬೇಕೆಂಬ ಪದ್ಧತಿ ಆಗ ಅಲ್ಲಿತ್ತು. ಈ ಮನವಿಗೆ 1,14,000ಕ್ಕೂ ಹೆಚ್ಚು ಸಹಿ ಬಿದ್ದುವು. 2013ರ ಮಾರ್ಚಿನಲ್ಲಿ ಸರಕಾರ ಜನರ ಮಾತು ಸರಿ ಎಂದು ಒಪ್ಪಿಕೊಳ್ಳಬೇಕಾಯಿತು. ಆಮೇಲೆ ಸಂಸತ್ತಿನಲ್ಲಿ ಮಸೂದೆ ಬಂತು. ಕೆಳಮನೆಯ ಮಸೂದೆಯಲ್ಲಿ ಒಂದು ಕೊಕ್ಕೆಯನ್ನು ಮೆಲ್ಲಗೆ ತುರುಕಿದರು: ಒಬ್ಬೊಬ್ಬ ಗಿರಾಕಿ ತನ್ನ ಫೋನಿನ ಬೀಗ ತೆಗೆಯಬಹುದು, ಆದರೆ ಹಳೆ ಫೋನುಗಳನ್ನು ಒಟ್ಟಾಗಿ ಕೊಂಡು ಬೀಗ ತೆಗೆದು ಮಾರುವ ವ್ಯಾಪಾರಿಗೆ ರಕ್ಷಣೆ ಇಲ್ಲ ಎಂಬುದು ಅದರ ಅರ್ಥ. ಬಡವನಿಗೆ ಅಗ್ಗದ ಹಳೆ ಫೋನು ದೊರೆಯುವುದು ಇಂಥ ಸಣ್ಣ ವ್ಯಾಪಾರಿಯಿಂದಲೇ ಅಲ್ಲವೆ? ಕೊಕ್ಕೆ ಬಯಲಾಯಿತು, ವಿರೋಧ ಎದ್ದಿತು. ಕೊನೆಗೆ ಆ ಕೊಕ್ಕೆಯಿಲ್ಲದ ಮೇಲ್ಮನೆಯ ಮಸೂದೆಯೇ ಗೆದ್ದು, 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮಾ ಅದಕ್ಕೆ ಸಹಿ ಹಾಕಿದರು. ಮಾಲೀಕ ತಾನೇ ಬೀಗ ತೆಗೆಯಬಹುದು, ತನ್ನ ಪರವಾಗಿ ಬೇರೆಯವರಿಂದ ತೆಗೆಸಲೂಬಹುದು ಎಂದಾಯಿತು.

ಗೆಲುವು ದೊಡ್ಡದು, ಆದರೆ ಪೂರ್ತಿಯಾದದ್ದಲ್ಲ. ಬೀಗ ತೆಗೆಯುವುದು ಅಪರಾಧವಲ್ಲ ಎಂದಿತೇ ಹೊರತು, ಬೀಗ ಹಾಕುವುದೇ ತಪ್ಪು ಎನ್ನಲಿಲ್ಲ ಆ ಕಾಯಿದೆ. ಮೂರು ವರ್ಷಕ್ಕೊಮ್ಮೆ ಗ್ರಂಥಾಲಯದ ಬಾಗಿಲಿಗೆ ಹೋಗಿ ವಿನಾಯಿತಿ ಬೇಡುವ ಪದ್ಧತಿಯೂ ತಪ್ಪಲಿಲ್ಲ. ಹಕ್ಕನ್ನು ಮೂರು ವರ್ಷದ ಕಂತಿನಲ್ಲಿ ಕೊಡುವುದಾದರೆ ಅದನ್ನು ಹಕ್ಕೆನ್ನಬೇಕೋ, ಭಿಕ್ಷೆಯೆನ್ನಬೇಕೋ?

ಪಡೆದದ್ದು ಸೋರಿಹೋಗುವುದು ಹೇಗೆ ಎಂಬುದಕ್ಕೂ ಅಲ್ಲಿಯೇ ಉದಾಹರಣೆಯಿದೆ. 2008ರಲ್ಲಿ ಅಮೇರಿಕಾ ಸರಕಾರ ಒಂದು ಬಗೆಯ ಅಲೆಗಳನ್ನು ಹರಾಜು ಹಾಕಿದಾಗ, ಇವನ್ನು ಕೊಂಡವರು ಫೋನಿಗೆ ಬೀಗ ಹಾಕಬಾರದು ಎಂಬ ಷರತ್ತು ಇಟ್ಟಿತ್ತು. ವೆರಿಜಾನ್ ಕಂಪನಿ ಷರತ್ತು ಒಪ್ಪಿ ಅಲೆಗಳನ್ನು ಕೊಂಡಿತು. 2019ರಲ್ಲಿ, ಮೋಸ ತಡೆಯಲು 60 ದಿನ ಬೀಗ ಹಾಕಲು ಬಿಡಿ ಎಂದು ಕೇಳಿ ಪಡೆಯಿತು. 2025ರಲ್ಲಿ, 60 ದಿನ ಸಾಲದು, ಆ ಕಟ್ಟನ್ನೇ ತೆಗೆಯಿರಿ ಎಂದು ಮತ್ತೆ ಅದೇ ಬಾಗಿಲು ತಟ್ಟಿತು. ಒಂಟೆ ಗುಡಾರದೊಳಗೆ ಮೊದಲು ಮೂಗು ತೂರಿಸಿದ ಕಥೆ ಎಲ್ಲರಿಗೂ ಗೊತ್ತಿರುವುದೇ.

ಕಂಪನಿಗಳ ಮೂರು ವಾದ

ಕಂಪನಿಗಳ ವಕೀಲರು ಮೂರು ಮಾತು ಹೇಳುತ್ತಾರೆ. ಒಂದೊಂದಾಗಿ ತೂಗಿ ನೋಡೋಣ.

ಮೊದಲನೆಯದು: ನಾವು ಫೋನನ್ನು ಕಡಿಮೆ ಬೆಲೆಗೆ ಕೊಟ್ಟಿದ್ದೇವೆ, ಹಾಕಿದ ಹಣ ಮರಳಿ ಬರುವ ತನಕ ಗಿರಾಕಿ ನಮ್ಮಲ್ಲಿರಬೇಕು. ಆಗಲಿ, ಸಾಲ ಸಾಲವೇ, ತೀರಿಸಲೇಬೇಕು. ಆದರೆ ಅದಕ್ಕೆ ಕರಾರು ಇದೆಯಲ್ಲ! ಅಮೇರಿಕಾದಲ್ಲಿ ಎರಡು ವರ್ಷದ ಕರಾರನ್ನು ನಡುವೆ ಮುರಿದರೆ ದಂಡ ಕಟ್ಟಬೇಕಿತ್ತು. 2009ರಲ್ಲಿ ವೆರಿಜಾನ್ ಸ್ಮಾರ್ಟ್‌ಫೋನುಗಳ ಮೇಲೆ ಈ ದಂಡವನ್ನು 350 ಡಾಲರಿಗೆ ಏರಿಸಿತು. ಕರಾರು ಒಂದು ಹಗ್ಗ, ದಂಡ ಎರಡನೆಯ ಹಗ್ಗ. ಎರಡು ಹಗ್ಗದಲ್ಲಿ ಕಟ್ಟಿದವನಿಗೆ ಮೂರನೆಯದಾಗಿ ಬೀಗ ಏಕೆ? ಸಾಲ ತೀರಿದ ಮೇಲೂ ಬೀಗ ಉಳಿಯುವುದೇಕೆ? ಸಾಲ ತೀರಿದರೂ ಅಡವಿಟ್ಟ ಒಡವೆ ಹಿಂದಿರುಗಿಸದ ಸಾಹುಕಾರನಿಗೆ ನಮ್ಮ ಹಳ್ಳಿಯಲ್ಲಿ ಏನು ಹೆಸರಿದೆಯೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ.

ಎರಡನೆಯದು: ಬೀಗ ಇರುವುದು ಕಳ್ಳತನ ತಡೆಯಲು. ಇದು ಕೇಳಲು ಚೆನ್ನ. ಆದರೆ ಪ್ರತಿಯೊಂದು ಫೋನಿಗೂ 15 ಅಂಕಿಯ ತನ್ನದೇ ಸಂಖ್ಯೆ ಇದೆ. ಕಳುವಾದ ಫೋನಿನ ಸಂಖ್ಯೆಯನ್ನು ಎಲ್ಲ ಕಂಪನಿಗಳ ಗೋಪುರದಲ್ಲೂ ತಡೆಹಿಡಿಯಬಹುದು. ನಮ್ಮ ದೇಶದಲ್ಲಿಯೇ 2023ರ ಮೇ ತಿಂಗಳಿನಿಂದ ಸಂಚಾರ್ ಸಾಥಿ ಏರ್ಪಾಟಿನಲ್ಲಿ ದೇಶಾದ್ಯಂತ ಈ ಕೆಲಸ ನಡೆಯುತ್ತಿದೆ. ಕಳ್ಳನ ಕೈಗೆ ಸಿಕ್ಕ ಫೋನು ಯಾವ ಕಂಪನಿಯ ಸಿಮ್ಮಿಗೂ ಓಗೊಡದಂತೆ ಮಾಡಲು ದಾರಿಯಿರುವಾಗ, ಕಂಪನಿಯ ಬೀಗ ತಡೆಯುವುದು ಯಾರನ್ನು? ಕಳ್ಳನನ್ನಲ್ಲ, ನ್ಯಾಯವಾಗಿ ಕೊಂಡವನನ್ನು.

ಮೂರನೆಯದು: ಬೀಗ ಬೇಡದವರು ಪೂರ್ಣ ಬೆಲೆ ಕೊಟ್ಟು ಬೀಗವಿಲ್ಲದ ಫೋನು ಕೊಳ್ಳಲಿ, ಇದು ಸ್ವತಂತ್ರ ಪೇಟೆ. ಈ ವಾದಕ್ಕೆ ನಮ್ಮ ದೇಶದ ಅನುಭವವೇ ಉತ್ತರ. 2008ರ ಆಗಸ್ಟಿನಲ್ಲಿ ಐಫೋನಿನ 3ಜಿ ಮಾದರಿ ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ ಇಲ್ಲಿಗೆ ಬಂತು. ಬೆಲೆ 31,000 ರೂಪಾಯಿಯಿಂದ ಮೇಲಕ್ಕೆ. ಅಮೇರಿಕಾದಲ್ಲಿ ಅದೇ ಫೋನು ಎರಡು ವರ್ಷದ ಕರಾರಿನೊಡನೆ 199 ಡಾಲರಿಗೆ ಸಿಗುತ್ತಿತ್ತು. ಅಂದರೆ ಇಲ್ಲಿಯ ಗಿರಾಕಿಗೆ ಯಾವ ರಿಯಾಯಿತಿಯೂ ಇರಲಿಲ್ಲ. ಪೂರ್ಣ ಬೆಲೆ ತೆತ್ತ. ಆದರೂ ಫೋನಿಗೆ ಬೀಗ! ರಿಯಾಯಿತಿ ಕೊಟ್ಟಿದ್ದಕ್ಕೆ ಬೀಗ ಎಂದವರು, ರಿಯಾಯಿತಿ ಕೊಡದಿದ್ದಾಗಲೂ ಬೀಗ ಹಾಕಿದರೆ ಮೊದಲ ವಾದ ಎಲ್ಲಿ ಹೋಯಿತು? ಐಫೋನು ಸಾಹುಕಾರರ ಆಟಿಕೆ ಎಂದು ತಳ್ಳಿಹಾಕಬೇಡಿ. ಶ್ರೀಮಂತನ ಮೇಲೆ ಪರೀಕ್ಷಿಸಿ ನೋಡಿದ ಬೀಗ ಬಡವನ ಬಾಗಿಲಿಗೂ ಬಂತು.

ಬಡವನ ಫೋನು

2017ರಲ್ಲಿ ರಿಲಯನ್ಸಿನವರು ಜಿಯೋಫೋನ್ ತಂದರು. ಫೋನು ಬಿಟ್ಟಿ ಎಂಬ ಡಂಗುರ ಊರೂರಿನಲ್ಲಿ ಸಾರಿತು. ಬಿಟ್ಟಿ ಎಂದರೇನು? 1,500 ರೂಪಾಯಿ ಠೇವಣಿ ಇಡಬೇಕು. ಮೂರು ವರ್ಷದ ನಂತರ ಫೋನು ಹಿಂದಿರುಗಿಸಿದರೆ ಠೇವಣಿ ವಾಪಸು. ಈ ಸೌಲಭ್ಯ ಬೇಕಾದರೆ ವರ್ಷಕ್ಕೆ ಕನಿಷ್ಠ 1,500 ರೂಪಾಯಿ ರೀಚಾರ್ಜ್ ಮಾಡಿಸುತ್ತಲೇ ಇರಬೇಕು. ಮೂರು ವರ್ಷಕ್ಕೆ 4,500 ಆಯಿತು. ಮತ್ತು ಆ ಫೋನು ನಡೆಯುವುದು ಜಿಯೋ ಸಿಮ್ಮಿನಲ್ಲಿ ಮಾತ್ರ. 2023ರಲ್ಲಿ ಅದೇ ಮನೆಯಿಂದ 999 ರೂಪಾಯಿಯ ಜಿಯೋಭಾರತ್ ಬಂತು. ಅದಕ್ಕೂ ಅದೇ ಬೀಗ.

ನಾವು ಕುರುಡಾಗಿ ಬೈಯುವವರಲ್ಲ. ಬೀಡಿ ಸುತ್ತುವ ಹೆಂಗಸರು, ಹಮಾಲರು, ಗಿರಣಿಯಲ್ಲಿ ದಿನಗೂಲಿ ಮಾಡುವವರು ಎಷ್ಟೋ ಮಂದಿ ಮೊದಲ ಬಾರಿಗೆ ಇಂಟರ್ನೆಟ್ ಕಂಡದ್ದು ಇಂಥ ಫೋನಿನಲ್ಲಿ. ಅದು ಸಣ್ಣ ಮಾತಲ್ಲ. ಅಗ್ಗದ ಫೋನು ಬೇಕು, ಇನ್ನೂ ಅಗ್ಗವಾಗಲಿ. ಆದರೆ ಅಗ್ಗದ ಅಕ್ಕಿ ಕೊಡುವವನು ತನ್ನ ಗಿರಣಿಯಲ್ಲೇ ಜೀತ ಮಾಡಬೇಕೆಂದರೆ ಅದು ಅಗ್ಗವೇ? ಹೆಚ್ಚು ಹಣವಿರುವವನಿಗೆ ಹತ್ತು ಬಾಗಿಲು ತೆರೆದಿದ್ದು, ಕಡಿಮೆ ಹಣವಿರುವವನಿಗೆ ಒಂದೇ ಬಾಗಿಲು ಎಂದಾದರೆ, ಬೀಗ ಬಿದ್ದದ್ದು ಬಡತನದ ಮೇಲೆಯೇ.

ಆಯ್ಕೆಯ ಬೆಲೆ ಏನೆಂಬುದು 2024ರ ಜುಲೈಯಲ್ಲಿ ನಮಗೆಲ್ಲ ತಿಳಿಯಿತು. ಮೂರೂ ಖಾಸಗಿ ಕಂಪನಿಗಳು ಒಂದೇ ವಾರದಲ್ಲಿ, ಮಾತಾಡಿಕೊಂಡವರ ಹಾಗೆ, ದರ ಏರಿಸಿದುವು. ಜನ ಏನು ಮಾಡಿದರು? ಸರಕಾರಿ ಬಿಎಸ್‌ಎನ್‌ಎಲ್ ಕಡೆಗೆ ನಡೆದರು. ಆ ಒಂದೇ ತಿಂಗಳಲ್ಲಿ ಬಿಎಸ್‌ಎನ್‌ಎಲ್‌ಗೆ ಸುಮಾರು 29 ಲಕ್ಷ ಚಂದಾದಾರರು ಹೆಚ್ಚಿದರು, ಮೂರೂ ಖಾಸಗಿ ಕಂಪನಿಗಳಲ್ಲಿ ಇಳಿದರು. ಯಾವ ಮೆರವಣಿಗೆಯೂ ಇಲ್ಲ, ಯಾವ ಘೋಷಣೆಯೂ ಇಲ್ಲ. ಸಿಮ್ ಬದಲಿಸಿಯೇ ಜನ ಉತ್ತರ ಕೊಟ್ಟರು. ಕೆಲಸ ನಿಲ್ಲಿಸುವ ಹಕ್ಕು ಕಾರ್ಮಿಕನಿಗೆ ಹೇಗೋ, ಅಂಗಡಿ ಬದಲಿಸುವ ಹಕ್ಕು ಗಿರಾಕಿಗೆ ಹಾಗೆ. ಅದೇ ಅವನ ಮುಷ್ಕರ. ಬೀಗ ಬಿದ್ದ ಫೋನಿನವನಿಗೆ ಈ ಮುಷ್ಕರ ಹೂಡುವ ಶಕ್ತಿಯೇ ಇಲ್ಲ. ಅವನ ದರವನ್ನು ಆಗ ಏರಿಸಲಿಲ್ಲವಲ್ಲ ಎಂದು ಯಾರಾದರೂ ಹೇಳಿಯಾರು. ಇರಲಿ. ಏರಿಸದಿರುವುದು ಧಣಿಯ ದಯೆ. ದಯೆಯನ್ನು ಕೊಟ್ಟವನು ನಾಳೆ ಹಿಂತೆಗೆದುಕೊಳ್ಳಬಹುದು, ಹಕ್ಕನ್ನು ತೆಗೆದುಕೊಳ್ಳಲಾಗದು.

2011ರ ಜನವರಿ 20ರಿಂದ ದೇಶಾದ್ಯಂತ ನಂಬರ್ ಬದಲಿಸದೆ ಕಂಪನಿ ಬದಲಿಸುವ ಹಕ್ಕು ನಮಗಿದೆ. 1900ಕ್ಕೆ ಒಂದು ಸಂದೇಶ ಕಳಿಸಿದರೆ ಆ ಕೆಲಸ ಶುರುವಾಗುತ್ತದೆ. ನಂಬರ್ ನಮ್ಮದು ಎಂದು ಕಾನೂನು ಒಪ್ಪಿತು. ನಂಬರ್ ಸ್ವತಂತ್ರ, ಆದರೆ ಆ ನಂಬರ್ ಕೂರುವ ಫೋನು ಬಂಧಿ ಎಂದರೆ ಈ ಹಕ್ಕಿಗೆ ಅರ್ಥವೇನು? ಗಾಡಿಗೆ ಪರ್ಮಿಟ್ ಕೊಟ್ಟು ಚಕ್ರ ಕಳಚಿಕೊಂಡ ಹಾಗಾಯಿತು.

ಈಗ ಸಾಲ ಕೊಡುವ ಕಂಪನಿಗಳೂ ಈ ಬೀಗದ ರುಚಿ ಹತ್ತಿಸಿಕೊಂಡಿವೆ. ಕಂತು ತಪ್ಪಿದರೆ ದೂರದಿಂದಲೇ ಫೋನನ್ನು ಮುಚ್ಚಿಬಿಡುವ ಅಧಿಕಾರವನ್ನು ಅವಕ್ಕೆ ಕೊಡುವ ಯೋಚನೆ ರಿಸರ್ವ್ ಬ್ಯಾಂಕಿನಲ್ಲಿ ನಡೆದಿದೆಯೆಂದು 2025ರಲ್ಲಿ ಪತ್ರಿಕೆಗಳಲ್ಲಿ ಬಂತು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆ ಬ್ರಿಟಿಷರು 1908ರಲ್ಲಿ ಮಾಡಿದ್ದು. ಸಾಲಗಾರನ ಆಸ್ತಿಯನ್ನು ಜಪ್ತಿ ಮಾಡುವಾಗಲೂ ಕುಶಲಕರ್ಮಿಯ ಉಪಕರಣಗಳನ್ನು, ರೈತನ ಬೇಸಾಯದ ಸಾಮಾನನ್ನು ಮುಟ್ಟಬಾರದು ಎಂದು ಅದರ 60ನೆಯ ಕಲಮು ಹೇಳುತ್ತದೆ. ಪರಕೀಯ ಸರಕಾರಕ್ಕೂ ಅಷ್ಟು ವಿವೇಕವಿತ್ತು. ಇಂದು ಆಟೋ ಓಡಿಸುವವನ, ಮನೆಮನೆಗೆ ಸಾಮಾನು ತಲುಪಿಸುವ ಹುಡುಗನ, ತರಕಾರಿ ಗಾಡಿಗೆ ಹಣ ಕಟ್ಟಿಸಿಕೊಳ್ಳುವ ಹೆಂಗಸಿನ ಉಪಕರಣ ಯಾವುದು? ಫೋನಲ್ಲವೆ? ಅದನ್ನು ಕೋರ್ಟಿನ ತೀರ್ಪೂ ಇಲ್ಲದೆ, ಅಮೀನನೂ ಇಲ್ಲದೆ, ಒಂದು ಗುಂಡಿ ಒತ್ತಿ ಕಸಿಯುವ ಅಧಿಕಾರ ಯಾವ ನ್ಯಾಯ?

ಹಳೆಯ ಅಳತೆ, ಹೊಸ ಅಳತೆ

ಇದು ಹೊಸ ರೋಗವೇನಲ್ಲ. ಹಿಂದೆ ಅಮೇರಿಕಾದ ಕಲ್ಲಿದ್ದಲು ಗಣಿಗಳಲ್ಲಿ ಕೂಲಿಗೆ ಬದಲು ಕಂಪನಿಯ ಚೀಟಿ ಕೊಡುತ್ತಿದ್ದರು. ಆ ಚೀಟಿ ನಡೆಯುವುದು ಕಂಪನಿಯ ಅಂಗಡಿಯಲ್ಲಿ ಮಾತ್ರ, ಅಲ್ಲಿ ಬೆಲೆ ಅವರು ಹೇಳಿದ್ದು. ಇಂಗ್ಲೆಂಡಿನಲ್ಲಿ ಇಂಥ ಪದ್ಧತಿಯನ್ನು ತಡೆಯಲು 1831ರಲ್ಲಿಯೇ ಕಾಯಿದೆ ಬೇಕಾಯಿತು. ಕೂಲಿಯನ್ನು ಚಲಾವಣೆಯ ನಾಣ್ಯ ನೋಟಿನಲ್ಲೇ ಕೊಡಬೇಕೆಂದು ನಮ್ಮ ದೇಶದಲ್ಲಿ 1936ರ ವೇತನ ಪಾವತಿ ಕಾಯಿದೆ ಹೇಳಿತು. ಏಕೆ? ದುಡಿದವನ ಹಣ ಯಾವ ಅಂಗಡಿಯಲ್ಲಾದರೂ ನಡೆಯಬೇಕು ಎಂಬುದಕ್ಕೆ. ಒಂದೇ ಅಂಗಡಿಯಲ್ಲಿ ನಡೆಯುವ ಕೂಲಿ ಕೂಲಿಯಲ್ಲ. ಒಂದೇ ಕಂಪನಿಯಲ್ಲಿ ನಡೆಯುವ ಫೋನು ಫೋನೂ ಅಲ್ಲ.

ನಮ್ಮ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾವುದಕ್ಕೆ? ಗೇಣಿ ಅಳೆಯುವ ಕೊಳಗಕ್ಕೆ. ಒಡೆಯ ಇಟ್ಟ ಕೊಳಗ ದೊಡ್ಡದು, ಅದರಲ್ಲಿಯೇ ಅಳೆದು ಕೊಡಬೇಕು. ಕೊಳಗ ಒಂದು ಪಾತ್ರೆ, ಅದಕ್ಕೇಕೆ ಸತ್ಯಾಗ್ರಹ ಎಂದು ನಕ್ಕವರು ಆಗಲೂ ಇದ್ದರು. ಆದರೆ ಅಳತೆಯ ಪಾತ್ರೆ ಯಾರ ಕೈಯಲ್ಲಿದೆಯೋ ಬೆಳೆ ಅವನದು ಎಂಬುದು ಗೇಣಿದಾರರಿಗೆ ಗೊತ್ತಿತ್ತು. ಕೀಲಿಕೈ ಯಾರ ಕೈಯಲ್ಲಿದೆಯೋ ಫೋನು ಅವನದು ಎಂಬುದು ನಮಗೂ ಗೊತ್ತಾಗಬೇಕು.

ಅಮೇರಿಕಾದಲ್ಲಿ ಒಂದು ಕಾಲಕ್ಕೆ ಮನೆಯ ಫೋನಿನ ಯಂತ್ರವೂ ಬೆಲ್ ಕಂಪನಿಯದೇ, ತಂತಿಯೂ ಅದರದೇ. ಮಾತು ಪಕ್ಕದವರಿಗೆ ಕೇಳದಿರಲೆಂದು ಫೋನಿನ ಬಾಯಿಗೆ ಒಂದು ಬಟ್ಟಲು ಸಿಕ್ಕಿಸಿದರೂ ಅದು ಅಪಚಾರ ಎಂದು ಕಂಪನಿ ತಗಾದೆ ತೆಗೆಯಿತು. 1956ರಲ್ಲಿ ನ್ಯಾಯಾಲಯ ಬಟ್ಟಲಿನ ಪರ ನಿಂತಿತು. 1968ರಲ್ಲಿ ಅಲ್ಲಿಯ ಸಂಪರ್ಕ ಆಯೋಗ, ತಂತಿಗೆ ಹಾನಿಯಾಗದಿದ್ದರೆ ಹೊರಗಿನವರು ಮಾಡಿದ ಸಲಕರಣೆಯನ್ನೂ ಜೋಡಿಸಬಹುದು ಎಂದು ತೀರ್ಮಾನಿಸಿತು. ತಂತಿ ಹರಿದುಬೀಳಲಿಲ್ಲ, ಆಕಾಶ ಕಳಚಿಬೀಳಲಿಲ್ಲ. ಉತ್ತರಿಸುವ ಯಂತ್ರ, ಮೋಡೆಮ್ ಎಲ್ಲ ಪೇಟೆಯಲ್ಲಿ ಹರಡಿದ್ದು ಆ ಬಾಗಿಲು ತೆರೆದ ಮೇಲೆಯೇ.

ಬೀಗವನ್ನೇ ನಿಷೇಧಿಸಿದರೆ ಕಂಪನಿಗಳು ಮುಳುಗುತ್ತವೆ ಎನ್ನುವವರು ಕೆನಡಾ ನೋಡಲಿ. ಅಲ್ಲಿ ಬೀಗ ತೆಗೆಯಲೂ ಶುಲ್ಕ! ತಾವೇ ಹಾಕಿದ ಬೀಗವನ್ನು ತಾವೇ ತೆಗೆದುದಕ್ಕೆ 2016ರ ಒಂದೇ ವರ್ಷದಲ್ಲಿ ಕಂಪನಿಗಳು ವಸೂಲು ಮಾಡಿದ್ದು 3 ಕೋಟಿ 77 ಲಕ್ಷ ಡಾಲರ್. 2017ರ ಡಿಸೆಂಬರ್ 1ರಿಂದ ಅಲ್ಲಿಯ ಆಯೋಗ, ಹೊಸ ಫೋನನ್ನು ಬೀಗವಿಲ್ಲದೆ ಮಾರಬೇಕು, ಹಳೆಯದರ ಬೀಗವನ್ನು ಬಿಟ್ಟಿಯಾಗಿ ತೆಗೆಯಬೇಕು ಎಂದು ವಿಧಿಸಿತು. ಬ್ರಿಟನ್ನಿನಲ್ಲಿಯೂ 2021ರ ಡಿಸೆಂಬರಿನಿಂದ ಬೀಗದ ಫೋನು ಮಾರುವುದು ನಿಷಿದ್ಧ. ಎರಡೂ ದೇಶಗಳಲ್ಲಿ ಮೊಬೈಲ್ ಕಂಪನಿಗಳು ಜೀವಂತವಾಗಿವೆ, ಲಾಭವನ್ನೂ ಎಣಿಸುತ್ತಿವೆ.

ನಾವು ಕೇಳುವುದು

ನಮ್ಮ ಬೇಡಿಕೆ ಜಟಿಲವಾದದ್ದಲ್ಲ. ಒಂದು, ಯಾವ ಫೋನನ್ನೂ ಕಂಪನಿಯ ಬೀಗ ಹಾಕಿ ಮಾರಬಾರದೆಂದು ಕೆನಡಾ, ಬ್ರಿಟನ್ನಿನಂತೆ ಸ್ಪಷ್ಟವಾದ ನಿಯಮ ಮಾಡಬೇಕು. ಎರಡು, ಈಗಾಗಲೇ ಮಾರಿರುವ ಫೋನಿನ ಬೀಗವನ್ನು ಸಾಲ ತೀರಿದ ಕೂಡಲೇ, ಕೇಳದಿದ್ದರೂ, ಶುಲ್ಕವಿಲ್ಲದೆ ತೆಗೆಯಬೇಕು. ಮೂರು, ಬೀಗ ತೆಗೆಯುವ ರಿಪೇರಿ ಅಂಗಡಿಯವನನ್ನು ಕಳ್ಳನಂತೆ ಕಾಣಬಾರದು. ನಾಲ್ಕು, ಸಾಲದ ಕಂಪನಿಗಳಿಗೆ ಫೋನನ್ನು ದೂರದಿಂದ ಮುಚ್ಚುವ ಅಧಿಕಾರ ಕೊಡಬಾರದು. ಸಾಲ ವಸೂಲಿಗೆ ಕೋರ್ಟು ಇದೆ.

ಅಲ್ಲಿಯ ತನಕ ಏನು ಮಾಡುವುದು? ಮೊಬೈಲ್ ಮಾರುವ ಸಣ್ಣ ವ್ಯಾಪಾರಿಗಳಲ್ಲಿ ಒಂದು ಮಾತು: ಗಿರಾಕಿಗೆ ಕೊಡುವ ಮುಂಚೆ ಫೋನು ಒಂದೇ ಸಿಮ್ಮಿನಲ್ಲಿ ನಡೆಯುವುದೋ ಎಲ್ಲದರಲ್ಲೂ ನಡೆಯುವುದೋ ಬಾಯಿಬಿಟ್ಟು ಹೇಳಿ, ಬಿಲ್ಲಿನ ಮೇಲೆ ಬರೆದುಕೊಡಿ. ಕಂಪನಿ ಮುಚ್ಚಿಟ್ಟ ಸತ್ಯಕ್ಕೆ ನಾಳೆ ಬೈಗುಳ ತಿನ್ನುವವರು ನೀವು, ಮುಂಬಯಿಯಲ್ಲಿ ಕೂತ ಮಹನೀಯರಲ್ಲ. ಕೊಳ್ಳುವವರಲ್ಲಿ ಒಂದು ಮಾತು: ಅಂಗಡಿಯಲ್ಲಿಯೇ ಬೇರೆ ಕಂಪನಿಯ ಸಿಮ್ ಹಾಕಿ ನೋಡಿ ಕೊಳ್ಳಿ. ಒಂದು ಸರಕು ಬೇಕಾದರೆ ಇನ್ನೊಂದನ್ನೂ ನಮ್ಮಲ್ಲೇ ಕೊಳ್ಳಬೇಕೆಂದು ಷರತ್ತು ಹಾಕುವುದನ್ನು 2019ರ ಗ್ರಾಹಕ ರಕ್ಷಣಾ ಕಾಯಿದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಕನ್ನಡದಲ್ಲಿಯೇ ಅರ್ಜಿ ಬರೆಯಿರಿ. ಬರೆಯಲು ಬಾರದವರು ನಮ್ಮ ಕಚೇರಿಗೆ ಸಂಜೆ ಪಾಳಿ ಬಿಟ್ಟ ಮೇಲೆ ಬನ್ನಿ, ಬರೆದುಕೊಡುತ್ತೇವೆ. ಒಂದು ದೂರನ್ನು ಕಂಪನಿ ಕಸದ ಬುಟ್ಟಿಗೆ ಹಾಕೀತು. ಒಂದೇ ಜಿಲ್ಲೆಯಿಂದ ನೂರು ದೂರು ಹೋದರೆ ಬುಟ್ಟಿ ಸಾಲದು.

ಕಿರಾಣಿ ಅಂಗಡಿಯ ಹಿರಿಯರು ಆ ಫೋನನ್ನು ಇನ್ನೂ ಎಸೆದಿಲ್ಲ. ಏಕೆಂದು ಕೇಳಿದೆವು. "ಹಣ ಕೊಟ್ಟು ಕೊಂಡದ್ದಪ್ಪಾ, ಎಸೆಯೋದು ಹೇಗೆ?" ಎಂದರು. ಹಣ ಕೊಟ್ಟು ಕೊಂಡದ್ದು ಎಂಬ ಆ ಮಾತನ್ನೇ ಕಾಯಿದೆಯ ಪುಸ್ತಕದಲ್ಲಿ ಬರೆಸುವುದು ನಮ್ಮ ಕೆಲಸ.